ಮಗು ನೋಡಿದ ಕಡೆ ನಾವೂ ನೋಡೋಣ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಆಟಿಕೆಗಳಿಗೆ ಬರವಿಲ್ಲ. ಆದರೆ ಹತ್ತು ತಿಂಗಳ ನನ್ನ ಮಗಳಿಗೆ ಬೇಕಾಗಿರುವುದು ಅಡುಗೆಮನೆಯ ಸ್ಟೀಲ್ ಡಬ್ಬಿಯ ಮುಚ್ಚಳ.

ಮುಚ್ಚಳ ನೋಡುತ್ತಾಳೆ, ನನ್ನ ಮುಖ ನೋಡುತ್ತಾಳೆ, ಮತ್ತೆ ಮುಚ್ಚಳ. ‘ಅಮ್ಮಾ, ನೀನೂ ನೋಡಿದ್ಯಾ?’ ಅಂತ ಕೇಳಿದ ಹಾಗೆ. ಸಾಮಾನ್ಯವಾಗಿ ಒಂಬತ್ತು ತಿಂಗಳ ಆಸುಪಾಸಿನಲ್ಲಿ ಮಕ್ಕಳಲ್ಲಿ ಇದು ಶುರುವಾಗುತ್ತದೆ. ಅಲ್ಲಿಯವರೆಗೆ ಹೆಚ್ಚಾಗಿ ಒಂದೋ ಆಟಿಕೆ, ಇಲ್ಲವೇ ಅಮ್ಮ. ದೊಡ್ಡವರು ತಿರುಗಿದ ಕಡೆ ಕೂಸೂ ತಿರುಗುತ್ತದೆ ಅಂತ ಮನೋವಿಜ್ಞಾನಿಗಳಾದ ಸ್ಕೇಫ್ ಮತ್ತು ಬ್ರೂನರ್ 1975ರಲ್ಲೇ ತೋರಿಸಿದ್ದರು.

ನನ್ನ ಗಂಡ ಆಡಿಸುವ ರೀತಿಯೇ ಬೇರೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದು, ಕೈಕಾಲು ತೊಳೆದು, ಅವಳೆದುರು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಮಾತಿಲ್ಲ. ಮುಚ್ಚಳವನ್ನು ಅಂಚಿನ ಮೇಲೆ ನಿಲ್ಲಿಸಿ ಬುಗುರಿಯ ಹಾಗೆ ತಿರುಗಿಸುತ್ತಾರೆ. ಅವಳ ಕಣ್ಣು ಅಪ್ಪನ ಬೆರಳುಗಳ ಮೇಲೆ. ಮುಚ್ಚಳ ಗರಗರ ಸುತ್ತಿ, ಓಲಾಡಿ, ಟಣಟಣ ಅಂತ ನೆಲಕ್ಕೆ ಬೀಳುವವರೆಗೂ ಇಬ್ಬರ ನೋಟವೂ ಕದಲುವುದಿಲ್ಲ.

‘ಸ್ವಲ್ಪ ಮಾತಾಡಿಸೋ ಮಗೂನ’ ಅಂತಾರೆ ನಮ್ಮತ್ತೆ. ನನಗಂತೂ ಅದು ಕೊರತೆ ಅನ್ನಿಸುವುದಿಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಚೆನ್ ಯೂ ಮತ್ತು ಲಿಂಡಾ ಸ್ಮಿತ್, ಒಂದು ವರ್ಷದ ಆಸುಪಾಸಿನ ಮಕ್ಕಳಿಗೂ ಹೆತ್ತವರಿಗೂ ತಲೆಗೆ ಪುಟ್ಟ ಕ್ಯಾಮೆರಾ ತೊಡಿಸಿ ಆಡಲು ಬಿಟ್ಟಿದ್ದರು. ಮಕ್ಕಳು ದೊಡ್ಡವರ ಮುಖ ನೋಡಿದ್ದು ಬಹಳ ಕಡಿಮೆ. ದೊಡ್ಡವರ ಕೈ ಯಾವ ಆಟಿಕೆ ಹಿಡಿದಿದೆಯೋ ಅತ್ತ ಕಣ್ಣು. ಇದು 2013ರ ಮಾತು. 2016ರಲ್ಲಿ ಅವರು ಇನ್ನೂ ಒಂದು ವಿಷಯ ತೋರಿಸಿದರು. ಮಗು ನೋಡುತ್ತಿರುವುದನ್ನೇ ದೊಡ್ಡವರೂ ನೋಡಿದರೆ ಮಗುವಿನ ಗಮನ ಜಾಸ್ತಿ ಹೊತ್ತು ನಿಲ್ಲುತ್ತದೆ, ದೊಡ್ಡವರು ಕಣ್ಣು ತೆಗೆದ ಮೇಲೂ. ಓದಿ ನನಗೆ ತುಂಬಾ ಖುಷಿಯಾಯಿತು. ದಣಿದು ಬಂದ ಅಪ್ಪನೂ ಇಷ್ಟು ಕೊಡಬಲ್ಲ, ಅಲ್ವಾ? ಫೋನು ಪಕ್ಕದ ಕೋಣೆಯಲ್ಲಿದ್ದರೆ ಆಯಿತು.

ಮಾತು ಬೇಡ ಅಂತಲ್ಲ. ಯಾವುದರ ಬಗ್ಗೆ ಮಾತಾಡುತ್ತೇವೆ ಅನ್ನುವುದು ಮುಖ್ಯ. ಮಗುವನ್ನು ಬೇರೆ ಕಡೆ ಎಳೆದು ಹೆಸರು ಹೇಳುವುದಕ್ಕಿಂತ, ಅದು ಈಗಾಗಲೇ ನೋಡುತ್ತಿರುವುದರ ಹೆಸರು ಹೇಳಿದರೆ ಪದ ಚೆನ್ನಾಗಿ ಹತ್ತುತ್ತದೆ ಅಂತ ಟೊಮಾಸೆಲ್ಲೊ ಮತ್ತು ಫ್ಯಾರರ್ ಎಂಬ ಸಂಶೋಧಕರು 1986ರಲ್ಲಿ ಬರೆದಿದ್ದರು.

ಪಕ್ಕದ ಮನೆಯ ಮರಾಠಿ ಆಜಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೊನ್ನೆ ಗ್ಯಾಲರಿಯಲ್ಲಿ ಕಾಗೆ ತೋರಿಸುತ್ತಿದ್ದರು. ನಮ್ಮ ಹುಡುಗಿ ಅತ್ತ ತಿರುಗಲೇ ಇಲ್ಲ, ಆಜಿಯ ಬಳೆ ಹಿಡಿದು ಕೂತಿದ್ದಳು. ಆಜಿ ಕಾಗೆಯನ್ನು ಅಲ್ಲಿಗೇ ಬಿಟ್ಟು, ಬಳೆ ಅಲ್ಲಾಡಿಸಿ ‘ಬಾಂಗ್ಡಿ, ಬಾಂಗ್ಡಿ’ ಅಂದರು. ಈಗ ಆಜಿ ಬಂದರೆ ಸಾಕು, ಇವಳು ಸೀದಾ ಕೈ ಹುಡುಕುತ್ತಾಳೆ. ಮೊದಲ ಪದ ಮರಾಠಿಯದೇ ಆದರೂ ಆಗಲಿ, ನಮಗೆ ಸಂತೋಷವೇ.