ಬಾಟಲಿಯ ತಳದ ಗಷ್ಟು

ಜರ್ಮನಿಯ ಬವೇರಿಯಾದ ಕೆಲ್‌ಹೈಮ್ ಎಂಬ ಸಣ್ಣ ಊರಿನಲ್ಲಿ, ಆಲ್ಟ್‌ಮ್ಯೂಲ್ ನದಿಯು ಡ್ಯಾನ್ಯೂಬನ್ನು ಕೂಡುವ ತಾಣದ ಹತ್ತಿರ, ವೆಲ್ಟೆನ್‌ಬುರ್ಗ್ ಮಠಕ್ಕೆ ಹೋಗುವ ದೋಣಿಗಾಗಿ ನಾನು ಕಾಯಬೇಕಾಗಿ ಬಂದದ್ದು ಒಂದು ಬೇಸಿಗೆಯ ಬೆಳಿಗ್ಗೆ. ಹೊತ್ತು ಕಳೆಯಲೆಂದು ಪಕ್ಕದ ಊಟದ ಮನೆಯೊಂದರ ಅಂಗಳದಲ್ಲಿ ಹೋಗಿ ಕುಳಿತೆ. ಅಲ್ಲಿ ಖಾಲಿ ಮೇಜಿಗಾಗಿ ಕಾಯುವ ರೂಢಿಯಿಲ್ಲ. ಯಾರದೋ ಉದ್ದನೆಯ ಮೇಜಿನ ತುದಿಯಲ್ಲಿ ಕೇಳಿಕೊಂಡು ಕುಳಿತರಾಯಿತು. ನನ್ನ ಎದುರಿಗಿದ್ದ ಹಿರಿಯರೊಬ್ಬರು ಸಿಹಿ ಸಾಸಿವೆಯೊಂದಿಗೆ ಬಿಳಿ ಸಾಸೇಜು ತಿನ್ನುತ್ತಿದ್ದರು. ಮಧ್ಯಾಹ್ನ ಹನ್ನೆರಡರ ಗಂಟೆ ಬಾರಿಸುವುದರೊಳಗೆ ಅದನ್ನು ತಿಂದು ಮುಗಿಸಬೇಕೆಂಬುದು ಅಲ್ಲಿನವರ ಹಳೆಯ ಪದ್ಧತಿ. ಅದರ ಜೊತೆಗಿದ್ದ ಪಾನೀಯವೇ ವೈಸ್‌ಬಿಯರ್, ಅಂದರೆ ಗೋಧಿಯ ಬಿಯರು. ನಾನೂ ಅದನ್ನೇ ತರಿಸಿದೆ.

ಅರ್ಧ ಲೀಟರಿನ ಬಾಟಲಿಯೂ ಎತ್ತರದ, ನಡು ಸಣ್ಣಗಿರುವ ಲೋಟವೂ ಬಂದವು. ಬಾಟಲಿಯ ತಳದಲ್ಲಿ ಬೆಳ್ಳಗಿನ ಗಷ್ಟು ಕುಳಿತಿತ್ತು. ಅದು ಕಲಕದಂತೆ ಎಚ್ಚರಿಕೆಯಿಂದ ಮೇಲಿನದನ್ನಷ್ಟೇ ಬಗ್ಗಿಸಿಕೊಳ್ಳಲು ಹೊರಟಿದ್ದೆ. ಹಿರಿಯರು ಕೈ ಅಡ್ಡ ಹಿಡಿದರು. ಲೋಟವನ್ನು ತಣ್ಣೀರಿನಲ್ಲಿ ತೊಳೆಸಿದರು. ಒಣ ಲೋಟದಲ್ಲಿ ನೊರೆ ಉಕ್ಕಿ ಚೆಲ್ಲುತ್ತದೆಯಂತೆ. ಆಮೇಲೆ ಲೋಟವನ್ನು ಪೂರ್ತಿ ಓರೆಮಾಡಿ, ಅದರ ಗೋಡೆಗುಂಟ ನಿಧಾನವಾಗಿ ಸುರಿದು, ಎರಡು ಬೆರಳಿನಷ್ಟು ಬಾಟಲಿಯಲ್ಲಿ ಉಳಿಸಿಕೊಂಡು, ಅದನ್ನು ಗಿರ್ರೆಂದು ತಿರುಗಿಸಿ ಕಲಕಿ, ಆ ಗಷ್ಟನ್ನೆಲ್ಲ ನೊರೆಯ ಮೇಲೆ ಸುರಿದರು. ತಿಳಿಯಾಗಿದ್ದ ಹೊಂಬಣ್ಣವು ನೋಡನೋಡುತ್ತಿದ್ದಂತೆ ಬಗ್ಗಡವಾಯಿತು. ನಾನು ಬಿಟ್ಟುಬಿಡಲು ಹೊರಟಿದ್ದ ಆ ಗಷ್ಟೇ ಈ ಬಿಯರನ್ನು ಹುದುಗಿಸಿದ ಯೀಸ್ಟ್.

ಲೋಟವನ್ನು ಮೂಗಿನ ಹತ್ತಿರ ತಂದಾಗ ಬಂದದ್ದು ಚೆನ್ನಾಗಿ ಮಾಗಿದ ಬಾಳೆಹಣ್ಣಿನ ಪರಿಮಳ, ಅದರ ಹಿಂದೆಯೇ ಲವಂಗದ ಸಣ್ಣ ಘಾಟು. ಬಾಳೆಹಣ್ಣಾಗಲಿ ಲವಂಗವಾಗಲಿ ಇದರಲ್ಲಿ ಒಂದು ಚೂರೂ ಇಲ್ಲ. ಬಾಳೆಹಣ್ಣಿನಲ್ಲಿರುವ ಐಸೊಅಮೈಲ್ ಅಸಿಟೇಟ್ ಎಂಬ ವಸ್ತುವನ್ನೇ ಈ ಯೀಸ್ಟ್ ಹುದುಗುವಾಗ ತಯಾರಿಸುತ್ತದೆ. ಲವಂಗದ ವಾಸನೆಯ ಮೂಲ ಮಾಲ್ಟಿನಲ್ಲಿರುವ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದಲ್ಲಿರುವ, ಫೆರುಲಿಕ್ ಆಮ್ಲ. ಅದು ಬಿಡುಗಡೆಯಾಗಲೆಂದು ಮಾಲ್ಟಿನ ಹಿಟ್ಟು ಬೆರೆಸಿದ ನೀರನ್ನು ಸುಮಾರು 45 ಡಿಗ್ರಿ ಶಾಖದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುವ ಬ್ರೂಯರುಗಳು, ಅಂದರೆ ಬಿಯರು ತಯಾರಿಸುವವರು, ಇದ್ದಾರೆ. ಮಾಲ್ಟಿನಲ್ಲಿ ಕನಿಷ್ಠ ಅರ್ಧ ಭಾಗ ಗೋಧಿಯದೇ ಇರಬೇಕು. ಆ ಗೋಧಿಯಿಂದಲೇ ನೊರೆ ಕೆನೆಯಂತೆ ದಪ್ಪವಾಗಿ ನಿಲ್ಲುತ್ತದೆ, ಗುಟುಕು ನಾಲಿಗೆಯ ಮೇಲೆ ಮೆತ್ತಗೆ ಹರಡುತ್ತದೆ. ಬಿಯರಿಗೆ ಹಾಕುವ ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ ಇದೆಯೋ ಇಲ್ಲವೋ ಎಂಬಷ್ಟು ಕಡಿಮೆ. ಬಿಯರೆಂದರೆ ಕಹಿ ಎಂದೇ ಅದುವರೆಗೆ ತಿಳಿದಿದ್ದ ನನಗೆ, ಹೊಸದಾಗಿ ಬೆಂದ ಬ್ರೆಡ್ಡನ್ನೂ ಹಣ್ಣನ್ನೂ ಒಟ್ಟಿಗೆ ನೆನಪಿಸುವ, ಕೊನೆಯಲ್ಲಿ ತುಸು ಹುಳಿಯಾಗಿ ಬಾಯಿ ತೊಳೆಯುವ ಈ ರುಚಿ ಬೇರೆಯೇ ಜಾತಿಯದೆನಿಸಿತು.

ಈ ಗೋಧಿಯ ಬಿಯರು ಉಳಿದು ಬಂದದ್ದೇ ಒಂದು ಕಥೆ. 1516ರಲ್ಲಿ ಬವೇರಿಯಾದ ಅರಸರು ಹೊರಡಿಸಿದ ಕಟ್ಟಳೆಯಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇವಿಷ್ಟನ್ನೇ ಹೇಳಿತ್ತು, ಗೋಧಿ ಇರಲಿಲ್ಲ. ಆದರೂ ಡೇಗೆನ್‌ಬೆರ್ಗ್ ಮನೆತನಕ್ಕೆ ಗೋಧಿಯ ಬಿಯರು ತಯಾರಿಸುವ ವಿಶೇಷ ಹಕ್ಕಿತ್ತು. 1602ರಲ್ಲಿ ಆ ವಂಶ ನಿಂತಾಗ ಹಕ್ಕು ಒಂದನೆಯ ಮ್ಯಾಕ್ಸಿಮಿಲಿಯನ್ ದೊರೆಯ ಕೈಸೇರಿ, ಬೊಕ್ಕಸಕ್ಕೆ ದೊಡ್ಡ ಆದಾಯವಾಯಿತು. ಕಾಲಕ್ರಮೇಣ ಜನ ಇದನ್ನು ಮರೆಯತೊಡಗಿದರು. 1872ರಲ್ಲಿ ಗೇಯೋರ್ಗ್ ಶ್ನೈಡರ್ ಎಂಬ ಬ್ರೂಯರ್ ಆ ಹಕ್ಕನ್ನು ಅರಮನೆಯಿಂದ ಪಡೆದು ಮ್ಯೂನಿಕ್ಕಿನಲ್ಲಿ ಈ ಬಿಯರನ್ನು ಮುಂದುವರಿಸದೇ ಹೋಗಿದ್ದರೆ ನನ್ನ ಮುಂದಿನ ಲೋಟದಲ್ಲಿ ಬಹುಶಃ ಬೇರೇನೋ ಇರುತ್ತಿತ್ತು. ಅವರ ಮನೆತನದ ಬಿಯರು ಈಗ ತಯಾರಾಗುವುದು ಇದೇ ಕೆಲ್‌ಹೈಮಿನಲ್ಲಿ.

ನಿಂಬೆಯ ಹೋಳು ಹಾಕಬಹುದೇ ಎಂದು ಕೇಳಿದೆ. ನೊರೆ ಸಾಯುತ್ತದೆ ಎಂದು ಹಿರಿಯರು ತಲೆಯಾಡಿಸಿದರು. ಲೋಟಗಳನ್ನು ತಾಕಿಸುವಾಗಲೂ ತೆಳುವಾದ ಬಾಯಿಯನ್ನಲ್ಲ, ದಪ್ಪನೆಯ ತಳವನ್ನೇ ತಾಕಿಸಬೇಕೆಂದು ಮಾಡಿ ತೋರಿಸಿದರು.

ದೋಣಿ ಹೊರಡುವ ಹೊತ್ತಾದಾಗ ನನ್ನ ಲೋಟದ ಗೋಡೆಗೆ ನೊರೆ ಇನ್ನೂ ಬಲೆಬಲೆಯಾಗಿ ಅಂಟಿತ್ತು. ಮುಂದಿನ ದೋಣಿಗೆ ಹೋದರಾಯಿತೆಂದು ಇನ್ನೊಂದು ಬಾಟಲಿ ತರಿಸಿದೆ. ಈ ಸಲ ಲೋಟ ತೊಳೆದು, ಓರೆಮಾಡಿ, ತಳದ ಎರಡು ಬೆರಳಿನಷ್ಟನ್ನು ಕಲಕಿ ಸುರಿದದ್ದು ನಾನೇ. ಹಿರಿಯರು ತಿನ್ನುವುದನ್ನು ನಿಲ್ಲಿಸಿ, ಕೊನೆಯ ಹನಿ ಬೀಳುವವರೆಗೂ ನೋಡುತ್ತಿದ್ದರು.