ಹೂ ಬಿಡದ ಎಂಟಡಿ ಗುಲಾಬಿ

ಮೈಸೂರಿನ ನಮ್ಮ ತಾರಸಿಯ ಮೇಲೆ ಹದಿನಾಲ್ಕು ಕುಂಡ ಗುಲಾಬಿ ಇದೆ. ಅದರಲ್ಲಿ ಒಂದು ಗಿಡಕ್ಕೆ ನಾನು ಇಡೀ ವರ್ಷ ಅಳಿಯೋಪಚಾರ ಮಾಡಿದೆ. ಕಡಲೆಕಾಯಿ ಹಿಂಡಿ ನೆನೆಸಿ ಹುಯ್ದೆ, ಕೊಟ್ಟಿಗೆ ಗೊಬ್ಬರ ತಂದು ಸುರಿದೆ, ಬಿಸಿಲಿಗೆ ಸರಿಯಾಗಿ ಕುಂಡ ತಿರುಗಿಸಿಟ್ಟೆ. ಎಂಟಡಿ ಎತ್ತರ ಬೆಳೆಯಿತು. ಮೊಗ್ಗು ಮಾತ್ರ ಒಂದೂ ಇಲ್ಲ.

ತಂದದ್ದು ಡಬಲ್ ಡಿಲೈಟ್. 1977ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಹೈಬ್ರಿಡ್ ಟೀ ತಳಿ, ಅಂದರೆ ಸಾಮಾನ್ಯವಾಗಿ ಕಡ್ಡಿಗೊಂದು ದೊಡ್ಡ ಹೂ ಬಿಡುವ ಜಾತಿ. ಕೆನೆಬಣ್ಣದ ಎಸಳು, ಅಂಚಿಗೆ ಕೆಂಪು. ಬಿಸಿಲು ತಾಗಿದ ಹಾಗೆ ಕೆಂಪು ಒಳಕ್ಕೆ ಹರಡುತ್ತದೆ. ಆಷಾಢದ ಮೋಡದಲ್ಲಿ ಅರಳಿದರೆ ಪೇಲವ. ಪರಿಮಳಕ್ಕಂತೂ ಅದನ್ನು ಮೀರಿಸುವುದು ಕಷ್ಟ. ಮೊದಲ ತಿಂಗಳು ಎರಡು ಹೂ ಕೊಟ್ಟಿತ್ತಾದ್ದರಿಂದ ನರ್ಸರಿಯವರು ಮೋಸ ಮಾಡಿದರು ಎನ್ನುವಂತೆಯೂ ಇರಲಿಲ್ಲ.

ಮಣ್ಣು ಬದಲಿಸಲು ಕುಂಡ ಕೆದಕಿದ ದಿನ ಗುಟ್ಟು ಬಯಲಾಯಿತು. ಮಣ್ಣಿನಡಿ ಹೂತುಹೋಗಿದ್ದ ಕಸಿ ಗಂಟು ಕಾಣಿಸಿತು. ಗಂಟಿನ ಮೇಲೆ ಹೆಬ್ಬೆರಳುದ್ದದ ಕಪ್ಪು ಒಣಕಡ್ಡಿ. ಅದೇ ನನ್ನ ಡಬಲ್ ಡಿಲೈಟ್. ಎಂಟಡಿಯ ಹಸಿರೆಲ್ಲ ಹೊರಟಿದ್ದು ಗಂಟಿನ ಕೆಳಗಿನಿಂದ. ಬಂದ ನೆಂಟನನ್ನು ಉಪವಾಸ ಕೆಡವಿ, ಅವನನ್ನು ಹೊತ್ತು ತಂದವನಿಗೆ ಹೋಳಿಗೆ ಬಡಿಸಿದ್ದೆ.

ನರ್ಸರಿಯ ಗುಲಾಬಿ ಸಾಮಾನ್ಯವಾಗಿ ಎರಡು ಗಿಡಗಳ ಜೋಡಿ. ಕೆಳಗೆ ಗಟ್ಟಿ ಬೇರಿನ ಕಾಡು ಜಾತಿ, ಹೆಚ್ಚಾಗಿ ಮಲ್ಟಿಫ್ಲೋರಾ. ಅದರ ತೊಗಟೆ ಸೀಳಿ ಬೇಕಾದ ತಳಿಯ ಒಂದು ಚಿಗುರೊಡೆಯುವ ಕಣ್ಣು ಕೂರಿಸುತ್ತಾರೆ. ಕೆಳಗಿನದು ಚಿಗುರಿತೋ, ಮೇಲಿನದಕ್ಕೆ ಸಾರ ಹೋಗುವುದಿಲ್ಲ. ಒಂದು ಗರಿಯಲ್ಲಿ ಏಳು ಎಲೆಯಿದ್ದರೆ ಕಾಡು ಚಿಗುರು, ಐದಿದ್ದರೆ ಅಸಲಿ ಎನ್ನುವವರಿದ್ದಾರೆ. ನಂಬಬೇಡಿ, ಒಳ್ಳೆಯ ತಳಿಗಳೂ ಒಮ್ಮೊಮ್ಮೆ ಏಳೆಲೆ ಬಿಡುತ್ತವೆ. ಚಿಗುರು ಎಲ್ಲಿಂದ ಹೊರಟಿದೆ ಎಂದು ಮಣ್ಣು ಸರಿಸಿ ನೋಡುವುದೊಂದೇ ದಾರಿ. ಕಂಡರೆ ಕತ್ತರಿಸಲೂ ಬಾರದು, ಒಂದಿದ್ದದ್ದು ಎರಡಾಗುತ್ತದೆ. ಬುಡದವರೆಗೆ ಬಗೆದು, ಹಿಡಿದು, ಕೆಳಕ್ಕೆ ಎಳೆದು ಕಿತ್ತುಬಿಡಬೇಕು.

ನನ್ನ ಹಾಗೆ ಏಮಾರುವವರಿಗೆ ಐಸ್‌ಬರ್ಗ್ ವಾಸಿ. 1958ರಲ್ಲಿ ಜರ್ಮನಿಯ ಕೋರ್ಡೆಸ್ ಮನೆತನದವರು ಹೊರತಂದ ಬಿಳಿ ಫ್ಲೋರಿಬಂಡಾ. ಗೊಂಚಲು ಗೊಂಚಲಾಗಿ ಬಿಡುತ್ತದೆ, ನಾಲ್ಕು ದಿನ ಊರಿಗೆ ಹೋಗಿ ಬಂದರೂ ಮುನಿಸಿಕೊಳ್ಳುವುದಿಲ್ಲ. ನಮ್ಮವರದೇ ಬೇಕೆಂದರೆ ಡೆಲ್ಲಿ ಪ್ರಿನ್ಸೆಸ್ ಇದೆ. ಅದನ್ನು ಬೆಳೆಸಿದ ಬಿ.ಪಿ. ಪಾಲ್ ವೃತ್ತಿಯಲ್ಲಿ ಗೋಧಿ ವಿಜ್ಞಾನಿ. ಅಂದ ಹಾಗೆ, ಗುಲಾಬಿ ಲೋಕದಲ್ಲಿ ‘ಆಧುನಿಕ’ ಎನ್ನುವುದು ಫ್ರಾನ್ಸಿನ 1867ರ ಲಾ ಫ್ರಾನ್ಸ್ ತಳಿಯಿಂದ ಈಚಿನದಕ್ಕೆಲ್ಲ. ನನ್ನ ಮುತ್ತಜ್ಜನೂ ಆಧುನಿಕನೇ ಆದ.

ಆದರೂ ಮತ್ತೆ ಡಬಲ್ ಡಿಲೈಟನ್ನೇ ತಂದೆ. ಬೂದಿ ರೋಗ ಅದಕ್ಕೆ ಬೇಗ ತಗಲುತ್ತದೆ ಎಂದು ಗೊತ್ತಿದ್ದೂ ತಂದೆ. ಈ ಸಲ ಕಸಿ ಗಂಟು ಮಣ್ಣಿನಿಂದ ಎರಡು ಬೆರಳು ಮೇಲಿದೆ. ನೀರು ಬೆಳಿಗ್ಗೆಯೇ, ಬುಡಕ್ಕೇ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ರೋಗಕ್ಕೆ ಅಷ್ಟು ಸಾಕು. ಮಾರ್ಚ್ ಬಂದರೆ ಮಾತ್ರ ಎಲೆಯ ಅಡಿಭಾಗಕ್ಕೆ ಬೆಳಗಿನ ಹೊತ್ತು ರಭಸವಾಗಿ ನೀರು ಹೊಡೆಯುತ್ತೇನೆ, ಕೆಂಪು ನುಸಿ ಅಲ್ಲೇ ಬಲೆ ಕಟ್ಟುತ್ತದೆ. ಸೋಸಿದ ಚಹಾ ಪುಡಿ ಹಾಕಿ ಎಂದು ಮೊಬೈಲಿನಲ್ಲಿ ಬರುತ್ತದಲ್ಲ, ಹಾಲು ಸಕ್ಕರೆ ಸಮೇತ ಹಾಕಿ ನೋಡಿದೆ. ಇರುವೆಗಳಿಗೆ ಬಹಳ ಇಷ್ಟವಾಯಿತು.

ಆಯುಧಪೂಜೆಗೆ ಕತ್ತರಿ ತೊಳೆದು ಕುಂಕುಮ ಇಟ್ಟು, ಮರುದಿನ ವಿಜಯದಶಮಿಗೆ ಚಾಟನಿ. ಒಣಗಿದ್ದು, ಸಣಕಲು, ಒಂದಕ್ಕೊಂದು ಉಜ್ಜುವುದು ಎಲ್ಲ ಹೋಗಬೇಕು. ಉಳಿದ ಕಡ್ಡಿಯನ್ನು ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಬೇಕು. “ಹಬ್ಬದ ದಿನ ಇದೇನು ಹೀಗೆ ಬೋಳಿಸಿಟ್ಟಿರಿ?” ಎಂದಳು ಹೆಂಡತಿ. ಅವಳದು ಬೇರೆ ರೂಢಿ. ಪೂಜೆಗೆ ಹೂವಿನ ಕತ್ತು ಮಾತ್ರ ಚಿವುಟುತ್ತಾಳೆ; ಉಳಿದ ಮೋಟಿನ ತುದಿಯಲ್ಲಿ ಬರುವುದು ಬಡಕಲು ಚಿಗುರು. ಐದೆಲೆಯ ಗರಿ ಸಿಗುವವರೆಗೆ ಕೆಳಗಿಳಿದು ಕತ್ತರಿಸು, ಮುಂದಿನ ಹೂವಿಗೆ ಗಟ್ಟಿ ಕಡ್ಡಿ ಸಿಗುತ್ತದೆ ಎಂದು ಎಷ್ಟು ಸಲ ಹೇಳಿದ್ದೆನೋ.

ಸುಮಾರು ಐವತ್ತು ದಿನಕ್ಕೆ ಮೊದಲ ಹೂ ಅರಳಿತು, ಅಂಗೈಯಗಲ. ಅವಳು ಎಲೆ ಎಣಿಸಿ, ಗೇಣುದ್ದದ ಕಡ್ಡಿ ಸಮೇತ ಕತ್ತರಿಸಿ ತಂದಳು. ನನಗೆ ಖುಷಿಯೋ ಖುಷಿ. ಆಮೇಲೆ ದೇವರ ಪಟದ ಮೇಲೆ ಅದು ನಿಲ್ಲದೆ, ಅಡುಗೆಮನೆಯಲ್ಲಿ ಕಡ್ಡಿಯಷ್ಟನ್ನೂ ಕತ್ತರಿಸಿ ಬಿಸಾಡಿದಳು.