ಬಿಳಿ ಮುದ್ದೆ, ನೇರಳೆ ಪಾಯಸ

ಮೊನ್ನೆ ಆಗಸ್ಟ್ 3, ಅಂದರೆ ಕೊಡಗಿನ ಲೆಕ್ಕದಲ್ಲಿ ಕಕ್ಕಡ ತಿಂಗಳ 18. ಬೆಳಗ್ಗೆ ಬೇಗ ಎದ್ದು ಅವ್ವ ತೋಟದ ಅಂಚಿನಿಂದ ಮದ್ದು ಸೊಪ್ಪು ಕೊಯ್ದು ತಂದಿದ್ದಳು. ದೊಡ್ಡ ಪಾತ್ರೆಯಲ್ಲಿ ಕುದಿಸಿದರೆ ನೀರು ಕಡು ನೇರಳೆ. ಅದೇ ನೀರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿ ಪಾಯಸ. ಆಮೇಲೆ ಮೂತ್ರ ಕೆಂಪಗೆ ಹೋದರೂ ಗಾಬರಿಯಾಗದವರು ಕೊಡಗಿನವರು ಮಾತ್ರ ಇರಬೇಕು!

ಆ ಪಾತ್ರೆ ನೋಡಿದರೆ ನನಗೆ ಸ್ವಲ್ಪ ಹೊಟ್ಟೆಯುರಿ. ಇದೇ ಗಿಡದ ಜೊತೆ ಲ್ಯಾಬಿನಲ್ಲಿ ಒಂದೂವರೆ ವರ್ಷ ಒದ್ದಾಡಿದ್ದೇನೆ.

ಕೆಲಸ ಕೇಳಲು ಸುಲಭ. ಎಲೆಯ ಸಣ್ಣ ತುಂಡನ್ನು ಕ್ರಿಮಿ ಇಲ್ಲದಂತೆ ತೊಳೆದು, ಸಕ್ಕರೆ, ಲವಣ, ಹಾರ್ಮೋನ್ ಬೆರೆಸಿದ ಅಗರ್ ಅನ್ನುವ ಜೆಲ್ಲಿ ಮೇಲೆ ಇಡುವುದು. ಕೆಲವು ವಾರಕ್ಕೆ ಕತ್ತರಿಸಿದ ಅಂಚಿನಿಂದ ಉದುರು ಉಪ್ಪಿಟ್ಟಿನಂಥ ಮುದ್ದೆ ಉಬ್ಬುತ್ತದೆ. ಅದೇ ಕ್ಯಾಲಸ್. ಅದನ್ನು ದ್ರವಕ್ಕೆ ಹಾಕಿ ಶೇಕರ್ ಮೇಲೆ ಅಲ್ಲಾಡಿಸುತ್ತಾ ಬಿಟ್ಟರೆ ಬೇರು, ಕಾಂಡ ಏನೂ ಇಲ್ಲದೆ ಗಿಡದ ಕೋಶ ಬೆಳೆಯುತ್ತದೆ. ಕಾಡಿಗೆ ಕತ್ತಿ ತಾಗಿಸದೆ ಮದ್ದು ತೆಗೆಯುವ ಆಸೆ.

ನನ್ನ ಮುದ್ದೆ ಚೆನ್ನಾಗಿಯೇ ಬೆಳೆಯಿತು. ಆದರೆ ಬೆಳ್ಳಗೆ. ಬಣ್ಣವೂ ಇಲ್ಲ, ಪರಿಮಳವೂ ಇಲ್ಲ. ಫೋನಲ್ಲಿ ಫೋಟೋ ತೋರಿಸಿದ್ದಕ್ಕೆ ಅವ್ವ, ‘ಹೊಟ್ಟೆ ತುಂಬಾ ಹಾಕಿ ಕೂರಿಸಿದ್ದೀಯ, ಇನ್ನೇನು ಮಾಡುತ್ತೆ ಅದು?’ ಅಂದಳು. ನಮ್ಮ ಗೈಡ್ ಎರಡು ಪುಟ ಬರೆದುಕೊಟ್ಟಿದ್ದೂ ಹೆಚ್ಚುಕಡಿಮೆ ಅದೇ.

ತಿಂದುಂಡು ಸುಖವಾಗಿರುವ ಕೋಶ ಸುಮ್ನೆ ಒಡೆದು ಎರಡಾಗುತ್ತಾ ಹೋಗುತ್ತದೆ. ಬಣ್ಣ, ಕಹಿ, ವಾಸನೆ ಎಲ್ಲ ಬರುವುದು ಕಷ್ಟ ಬಂದಾಗಲೇ ಜಾಸ್ತಿ. ಅದಕ್ಕೇ ಬೆಳೆಸುವುದು ಒಂದು ಹಂತ, ಮದ್ದು ಕಟ್ಟಿಸುವುದು ಇನ್ನೊಂದು. ಜಪಾನಿನ ಮಿಟ್ಸುಯಿ ಕಂಪನಿ 1980ರ ದಶಕದಲ್ಲಿ ಶಿಕೋನಿನ್ ಅನ್ನುವ ಕೆಂಪು ಬಣ್ಣ ತೆಗೆದದ್ದು ಹೀಗೆಯೇ. ಒಂದು ತೊಟ್ಟಿಯಲ್ಲಿ ಕೋಶ ಬೆಳೆಸಿದರು, ಆಮೇಲೆ ಬೇರೆ ದ್ರವಕ್ಕೆ ಹಾಕಿದರು. ಆ ಎರಡನೆಯದರಲ್ಲಿ ಸಾರಜನಕಕ್ಕೆ ಅಮೋನಿಯಂ ಇಲ್ಲ, ನೈಟ್ರೇಟ್ ಮಾತ್ರ. ಅಮೋನಿಯಂ ಸಿಕ್ಕರೆ ಆ ಕೋಶ ಬಣ್ಣ ಕಟ್ಟುವುದಿಲ್ಲ. ಯೂರಿಯಾ ಜಾಸ್ತಿ ಸುರಿದರೆ ಕಾಫಿ ಗಿಡ ಬರೀ ಎಲೆ ಬಿಡುತ್ತದೆ ಅಲ್ವಾ, ನನಗೆ ನೆನಪಾಗುವುದು ಅದು. ಆ ಶಿಕೋನಿನ್ ಕೊನೆಗೆ ಲಿಪ್‌ಸ್ಟಿಕ್ಕಿಗೂ ಹೋಯಿತು.

ಇನ್ನೊಂದು ದಾರಿ, ಕೋಶವನ್ನು ಹೆದರಿಸುವುದು. ಅದಕ್ಕೆ ಬಳಸುವ ಮಿಥೈಲ್ ಜಾಸ್ಮೊನೇಟ್ ಅನ್ನುವ ರಾಸಾಯನಿಕ ಮೊದಲು ಸಿಕ್ಕಿದ್ದು ಮಲ್ಲಿಗೆ ಎಣ್ಣೆಯಲ್ಲಿ. ಹುಳ ಕಡಿದಾಗ ಗಿಡ ತನ್ನೊಳಗೆ ಸುದ್ದಿ ಹಬ್ಬಿಸುವುದು ಇಂಥದ್ದರಿಂದಲೇ. ಯೂ ಮರದ ಕೋಶಕ್ಕೆ ಇದನ್ನು ಕೊಟ್ಟರೆ ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ಹಲವು ಪಟ್ಟು ಹೆಚ್ಚುತ್ತದೆ. ಆದರೆ ಹೊತ್ತು ನೋಡಿ ಕೊಡಬೇಕು. ಬೇಗ ಕೊಟ್ಟರೆ ಬೆಳವಣಿಗೆಯೇ ಕುಂಠಿತ.

ನಾನು 12ನೇ ದಿನ ಕೊಡುವುದು ಅಂತ ಲೆಕ್ಕ ಹಾಕಿದ್ದೆ. 9ನೇ ದಿನ ರಾತ್ರಿ ಗಾಳಿಮಳೆಗೆ ಲೈನ್ ಮೇಲೆ ಮರ ಬಿತ್ತು. ಕರೆಂಟ್ ಹೋಯಿತು. ಯುಪಿಎಸ್ ಎರಡು ಗಂಟೆ ಎಳೆಯಿತು, ಜನರೇಟರಿನಲ್ಲಿ ಡೀಸೆಲ್ ಇರಲಿಲ್ಲ. (ಯಾರ ಜವಾಬ್ದಾರಿ ಅನ್ನುವುದು ಬೇಡ ಬಿಡಿ.) ಶೇಕರ್ ನಿಂತರೆ ಕೋಶಗಳು ತಳಕ್ಕೆ ಕೂತು ಉಸಿರು ಕಟ್ಟುತ್ತವೆ. ಬೆಳಗ್ಗೆ ಟಾರ್ಚ್ ಹಿಡಿದು ನೋಡಿದರೆ 24 ಫ್ಲಾಸ್ಕಿನಲ್ಲೂ ತಳದಲ್ಲಿ ಕಾಫಿ ಚರಟದಂಥ ಕಂದು ಪದರ. ಕೊನೆಗೂ ಒಂದು ಬಣ್ಣ ಬಂತಲ್ಲ ಅಂತ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಈಗ ಮತ್ತೆ ಮೊದಲಿಂದ ಶುರು. ಮಳೆಗಾಲದ ಎಲೆಗೆ ಫಂಗಸ್ ಕಾಟ ಜಾಸ್ತಿ, ಬೇಸಿಗೆವರೆಗೆ ಕಾಯುವುದೇ ಒಳ್ಳೆಯದು. ಆದರೆ ಮೊನ್ನೆ ಸೊಪ್ಪು ಪಾತ್ರೆಗೆ ಹಾಕುವ ಮೊದಲು ಅವ್ವ ನಾಲ್ಕು ಕುಡಿ ಬಾಳೆ ಎಲೆಯಲ್ಲಿ ಸುತ್ತಿ ಎತ್ತಿಟ್ಟಿದ್ದಳು, ನನ್ನ ಲ್ಯಾಬಿಗೆ ಅಂತ. ಬೇಡ ಅನ್ನಲಾಗಲಿಲ್ಲ.